ಬೆಳ್ಳಕ್ಕಿ ದಿಬ್ಬ ಹತ್ತಿದ ಬಗೆ

ಬೆಳ್ಳಕ್ಕಿ ಹಡಗು ಮರಳುದಿಬ್ಬ ಹತ್ತಿ ಕೂತಿದೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ಉಮಾಕಾಂತ ಹರಿಕಂತ್ರನಿಗೆ ಮೊದಲು ಆದದ್ದು ಸಂತೋಷ. ಇದನ್ನು ಮುಚ್ಚಿಟ್ಟರೆ ಮುಂದೆ ಹೇಳುವುದೆಲ್ಲ ಸುಳ್ಳಾಗುತ್ತದೆ, ಅದಕ್ಕೇ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಡಗಿನಲ್ಲಿ ಯಾರಿಗಾದರೂ ಪೆಟ್ಟಾಯಿತೇ ಎಂದು ಕೇಳುವ ಮೊದಲು ಅವನು ಕ್ಯಾಪ್ಟನ್ ಯಾರು ಎಂದು ಕೇಳಿದ. ಗೊತ್ತಿದ್ದೇ ಕೇಳಿದ. ಶೇವಂತಿ ತಾಂಡೇಲ ಎಂಬ ಹೆಸರು ಬೇರೆಯವರ ಬಾಯಿಂದ ಬರಲಿ, ಅದರ ಹಿಂದೆಯೇ ‘ಅಯ್ಯೋ ಪಾಪ’ ಎಂಬ ಮಾತೂ ಬರಲಿ ಎಂದು ಅವನಿಗೆ ಆಸೆ.

ದೀಪಸ್ತಂಭದ ಗುಡ್ಡ ಹತ್ತಿ ನೋಡಿದ. ಹೊನ್ನಕೂರ್ವೆ ನೌಕಾದಳದ ಹಡಗುಗಳಲ್ಲೆಲ್ಲ ಹೊಸದು, ಎಲ್ಲಕ್ಕಿಂತ ದೊಡ್ಡದು. ಅಂಥದ್ದು ಹಾಡಹಗಲೇ, ಗಾಳಿಯಿಲ್ಲದ ನೀರಿನಲ್ಲಿ, ಊರಿನ ಕಣ್ಣೆದುರಿಗೆ ಕೆಸರಿಗೆ ಬಿದ್ದ ಎಮ್ಮೆಯಂತೆ ಒಂದು ಮಗ್ಗುಲಿಗೆ ವಾಲಿ ಕೂತಿತ್ತು. ಬಣ್ಣ ಇನ್ನೂ ಮಾಸಿರಲಿಲ್ಲ. ಹಿಂಭಾಗದಿಂದ ಕಪ್ಪು ಎಣ್ಣೆ ಸೋರಿ, ಏರುತ್ತಿದ್ದ ಭರತದ ನೀರಿನ ಜೊತೆ ಹೊಳೆಯ ಬಾಯಿಗೆ ನುಗ್ಗುತ್ತಿತ್ತು. ಗುಡ್ಡದ ಮೇಲೆ ಜನ ಸೇರಿದ್ದರು. ಕಡಲ ತಳವೇ ಕಣ್ಣಿಗೆ ಕಾಣುತ್ತದೆ ಎಂದು ಹೆಸರಾದ ಹೆಂಗಸಿನ ಕೈಯಲ್ಲೇ ಹೀಗಾಯಿತಲ್ಲ ಎಂದು ಯಾರೋ ಮರುಗಿದರು. ಉಮಾಕಾಂತನೂ ತಲೆಯಾಡಿಸಿದ, ದುಃಖಪಡುವವನ ಹಾಗೆ.

ಗುಡ್ಡ ಇಳಿಯುವಾಗ ಮಾತ್ರ ಅವನಿಗೆ ಇನ್ನೊಂದು ಸಂಗತಿ ನೆನಪಾಯಿತು. ಕ್ಯಾಪ್ಟನ್ ಶೇವಂತಿ ಇರಬಹುದು. ಆದರೆ ಬೆಳ್ಳಕ್ಕಿಯ ಚುಕ್ಕಾಣಿ ತಿರುಗಿಸುತ್ತಿದ್ದದ್ದು ಅವಳಲ್ಲ. ಅವನೇ.

ಹೇಗೆ ಎಂದರೆ, ಆ ಕಾಲಕ್ಕೆ ಹಡಗು ನಡೆಸುವ ಯಂತ್ರಗಳು ಬಂದು ಹಳೆಯದಾಗಿದ್ದವು. ತೆರೆದ ಕಡಲಿನಲ್ಲಿ ಅವು ಚೆನ್ನಾಗಿಯೇ ನಡೆಸುತ್ತಿದ್ದವು. ಹೊಳೆ ಕಡಲಿಗೆ ಸೇರುವಲ್ಲಿ, ಪ್ರತಿ ಮಳೆಗಾಲವೂ ಮರಳು ಜಾಗ ಬದಲಿಸುವಲ್ಲಿ ಮಾತ್ರ ಪೆದ್ದು ಬೀಳುತ್ತಿದ್ದವು. ಆಗ ಒಂದು ಪ್ರಯೋಗಾಲಯದವರಿಗೆ ಹೊಸ ಯೋಚನೆ ಬಂತು: ಯಂತ್ರಕ್ಕೆ ನಿಯಮಗಳನ್ನು ಕಲಿಸಿದ್ದು ಸಾಕು, ಇನ್ನು ಒಬ್ಬ ಪಳಗಿದ ನಾವಿಕನನ್ನೇ ಇಡಿಯಾಗಿ ಕಲಿಸಿಬಿಟ್ಟರೆ? ನೀರಿನ ಆಳ ಅಳೆಯುವ ಮೋಜಣಿ ಹಡಗಿನಲ್ಲಿ ಚುಕ್ಕಾಣಿ ಹಿಡಿದಿದ್ದ ಉಮಾಕಾಂತನ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿದರು. ಟೋಪಿಗೆ ಒಂದು ಸಣ್ಣ ಕ್ಯಾಮೆರಾ, ಕಾಲರಿಗೆ ಒಂದು ಮೈಕು. ಯಾವ ಗಾಳಿಗೆ ಅವನ ಕೈ ಎಷ್ಟು ತಿರುಗಿತು, ಯಾವ ಅಲೆಗೆ ಅವನ ಕಣ್ಣು ಎಲ್ಲಿ ಹೋಯಿತು, ಯಾರು ಏನು ಹೇಳಿದಾಗ ಅವನು ಏನು ಮಾಡಿದ, ಎಲ್ಲವೂ ವರ್ಷಗಟ್ಟಲೆ ಅದರ ಹೊಟ್ಟೆಗೆ ಹೋಯಿತು. ಹೀಗೆ ಹುಟ್ಟಿದ ಯಂತ್ರಕ್ಕೆ ದಾರಿಗಣ್ಣು ಎಂದು ಹೆಸರಿಟ್ಟರು. ಅದು ಮಾತಾಡುತ್ತಿದ್ದದ್ದೂ ಅವನ ದನಿಯಲ್ಲೇ. ಅವನು ನಿವೃತ್ತನಾಗುವ ಹೊತ್ತಿಗೆ ನೌಕಾದಳದ ಪ್ರತಿ ಹಡಗಿನಲ್ಲೂ ಒಬ್ಬೊಬ್ಬ ಉಮಾಕಾಂತ ಕೂತಿದ್ದ. ಅಂಗಡಿಯಲ್ಲಿ ಅವನು ಬೀಡಿ ಕೇಳಿದರೆ ಅಕ್ಕಪಕ್ಕ ನಿಂತ ಎಳೆಯ ನಾವಿಕರು ದನಿ ಕೇಳಿ ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಯಾಕೆಂದರೆ ಉಳಿದದ್ದೆಲ್ಲ ಶೇವಂತಿಯ ಪಾಲಾಗಿತ್ತು. ಅವಳು ಮೋಜಣಿ ಹಡಗಿಗೆ ಬಂದಾಗ ನೀರಿನ ಆಳ ಅಳೆಯುವುದನ್ನು ಕಲಿಸಿದ್ದೇ ಅವನು. ಮಳೆಗಾಲ ಮುಗಿದ ಮೇಲೆ ಚಿಕ್ಕ ದೋಣಿಯಲ್ಲಿ ಹೊಳೆಬಾಯಿಯನ್ನೆಲ್ಲ ಅಳೆದು, ಹೊಸ ದಿಬ್ಬಗಳನ್ನು ನಕಾಶೆಯಲ್ಲಿ ಗುರುತು ಮಾಡುವುದು ಅಲ್ಲಿಯ ಕೆಲಸ. ಅಳೆದವರ ಗುರುತಿನ ಅಕ್ಷರವೂ ಆ ದಿಬ್ಬದ ಪಕ್ಕ ಬೀಳುತ್ತಿತ್ತು. ಬರುಬರುತ್ತ ನಕಾಶೆಯ ತುಂಬ ಅವಳದೇ ಗುರುತು. ಅವಳು ಹೇಳಿದ ಕಡೆ ದಿಬ್ಬ ಇದ್ದೇ ಇರುತ್ತಿತ್ತು. ಹಡಗಿನವರು ಸಂಜೆ ಚಾ ಕುಡಿಯುವಾಗ ಅವಳ ಮಾತನ್ನೇ ಆಡುತ್ತಿದ್ದರು. ಮುಂದೆ ಅವಳು ಅಧಿಕಾರಿಯಾದಳು, ಕ್ಯಾಪ್ಟನ್ ಆದಳು. ಉಮಾಕಾಂತ ಚುಕ್ಕಾಣಿ ಹಿಡಿದವನು ಚುಕ್ಕಾಣಿ ಹಿಡಿದೇ ನಿವೃತ್ತನಾದ. ಬೆಳ್ಳಕ್ಕಿಯನ್ನು ಅವಳಿಗೆ ಕೊಟ್ಟ ದಿನ ಅವನು ಊಟ ಬಿಟ್ಟಿದ್ದ. ಆಮೇಲೆ, ಕ್ಯಾಪ್ಟನ್ ಆಗಲಿ ಬ್ರಹ್ಮನೇ ಆಗಲಿ, ದಾರಿ ಕೇಳಬೇಕಾದ್ದು ನನ್ನನ್ನೇ ಅಲ್ಲವೇ ಎಂದುಕೊಂಡು ಸಮಾಧಾನ ಮಾಡಿಕೊಂಡಿದ್ದ.

ಮನೆಗೆ ಬಂದರೆ ಹೆಂಡತಿ ನಾಗವೇಣಿ ಜಗಲಿಯಲ್ಲಿ ಬುಟ್ಟಿ ಕವುಚಿ ಕೂತಿದ್ದಳು. ಹೊಳೆಬಾಯಿಯಲ್ಲಿ ಇಳಿತದ ಹೊತ್ತಿಗೆ ಬಳಚಿನ ಚಿಪ್ಪು ಆರಿಸಿ ಪೇಟೆಗೆ ಒಯ್ಯುವ ಹೆಂಗಸರ ಗುಂಪಿಗೆ ಅವಳೇ ಹಿರಿಯಳು. ಅವತ್ತು ಬುಟ್ಟಿಯಿಂದ ಸುರಿದ ಚಿಪ್ಪುಗಳಿಗೆಲ್ಲ ಕಪ್ಪು ಮೆತ್ತಿ, ಜಗಲಿ ಡೀಸೆಲ್ ನಾರುತ್ತಿತ್ತು. ಒಂದು ಚಿಪ್ಪನ್ನು ಅವನ ಮೂಗಿಗೇ ಹಿಡಿದಳು.

“ಈ ವರ್ಷ ಬಳಚು ಇಲ್ಲ. ಮುಂದಿನ ವರ್ಷ ಇಲ್ಲ. ಅದರಾಚೆ ದೇವರಿಗೇ ಗೊತ್ತು. ಯಾರು ಮಾಡಿದ್ದು ಇದು?”

“ಕ್ಯಾಪ್ಟನ್ ಶೇವಂತಿ,” ಎಂದ ಉಮಾಕಾಂತ. ಬೇಕಾದ್ದಕ್ಕಿಂತ ಬೇಗ ಅಂದ.

ನಾಗವೇಣಿ ಅವನ ಮುಖವನ್ನೇ ನೋಡಿದಳು. “ಅವಳ ಹೆಸರು ಹೇಳೂಕೆ ನಿಮಗೆ ಇಷ್ಟು ಖುಷಿ ಆದದ್ದು ನಾ ಕಂಡೇ ಇಲ್ಲ. ಎದ್ದು ಕೈಕಾಲು ತೊಳಕಣಿ, ಮುಖ ಮೊದಲು ತೊಳಕಣಿ.”

ವಿಚಾರಣೆಗೆ ಸಾಕ್ಷಿಯಾಗಿ ಬರಬೇಕೆಂದು ಕರೆ ಬಂದದ್ದು ಆ ವಾರವೇ. ಅದಕ್ಕೆ ಮೊದಲು ಪ್ರಯೋಗಾಲಯಕ್ಕೆ ಬಂದು ಹೋಗಿ ಎಂದು ಎಂಜಿನಿಯರ್ ತಬಸ್ಸುಮ್ ಶಾಬಂದ್ರಿ ಹೇಳಿ ಕಳಿಸಿದಳು. ದಾರಿಗಣ್ಣನ್ನು ಕಟ್ಟಿದವರಲ್ಲಿ ಈಗ ಉಳಿದವಳು ಅವಳೊಬ್ಬಳೇ. ಭಟ್ಕಳದ ಹೆಂಗಸು, ಮಾತು ಕಡಿಮೆ. ಪ್ರಯೋಗಾಲಯ ಇದ್ದದ್ದು ಬಂದರಿನ ಹಳೆಯ ಮಂಜುಗಡ್ಡೆ ಕಾರ್ಖಾನೆಯಲ್ಲಿ. ಎಷ್ಟು ಸುಣ್ಣ ಬಳಿದರೂ ಗೋಡೆಯಿಂದ ಮೀನಿನ ವಾಸನೆ ಹೋಗಿರಲಿಲ್ಲ.

ಉಮಾಕಾಂತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದ. ಯಂತ್ರದಲ್ಲಿ ಏನೂ ದೋಷವಿಲ್ಲ, ಅವಳೇ ಕೆಡಿಸಿದಳು ಎಂಬ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ. ತಬಸ್ಸುಮ್ ಕುರ್ಚಿ ಕೊಟ್ಟು, ಬೆಳ್ಳಕ್ಕಿಯ ಚುಕ್ಕಾಣಿ ಕೋಣೆಯಲ್ಲಿ ದಾಖಲಾದ ದನಿಯನ್ನು ಹಾಕಿದಳು.

ಮೊದಲು ಇಂಜಿನ್ನಿನ ಗುಂಯ್ ಸದ್ದು. ಪಹರೆಯ ನಾವಿಕ ಬಲಗಡೆ ಬಲೆ ಹಾಕಿದ ದೋಣಿ ಇದೆ ಎಂದ. ಯಂತ್ರ ಕೂಡಲೇ, “ಬಲಗಡೆ ದೋಣಿ, ಎಡಕ್ಕೆ ಸರಿಯುತ್ತಿದ್ದೇನೆ” ಎಂದಿತು. ಹೇಳಿದ್ದನ್ನು ಹಾಗೇ ತಿರುಗಿ ಹೇಳಿ, ಹೇಳಿದಂತೆ ಮಾಡುವುದು ಹಡಗಿನ ಕ್ರಮ. ಮಾತು ಕೇಳಿಸಿತು, ತಿಳಿಯಿತು ಎನ್ನುವುದಕ್ಕೆ ಅದೇ ಗುರುತು. ತನ್ನ ದನಿ ಅಷ್ಟು ಚೊಕ್ಕವಾಗಿ ಕೇಳಿದ್ದಕ್ಕೆ ಉಮಾಕಾಂತನಿಗೆ ಹೆಮ್ಮೆಯಾಯಿತು. ಆಮೇಲೆ ಶೇವಂತಿಯ ದನಿ ಬಂತು, ಗಡಿಬಿಡಿಯಿಲ್ಲದೆ.

“ಮುಂದೆ ದಿಬ್ಬ ಅದೆ. ಹೋದ ವಾರ ನಾನೇ ಅಳೆದದ್ದು. ಎಡಕ್ಕೆ ತಿರುಗಿಸು.”

“ನೋಡುವಾ, ತಂಗಿ,” ಎಂದಿತು ಉಮಾಕಾಂತನ ದನಿ.

ಆ ಚುಕ್ಕಾಣಿ ಕೋಣೆಯಲ್ಲಿ ಯಾರೋ ಕಿಸಕ್ಕೆಂದ ಸದ್ದು. ಕ್ಯಾಪ್ಟನನ್ನು ತಂಗಿ ಎನ್ನುವ ಯಂತ್ರ ಅವರಿಗೆ ದಿನದ ತಮಾಷೆಯಾಗಿತ್ತು ಎಂದು ಕಾಣುತ್ತದೆ. ಅವಳು ಇನ್ನೊಮ್ಮೆ ಹೇಳಿದಳು. ಯಂತ್ರ ಇನ್ನೊಮ್ಮೆ ನೋಡುವಾ ಎಂದಿತು. ಮೂರನೆಯ ಸಲ ಅವಳು ಮಾತಾಡಲಿಲ್ಲ, ಕೀಲಿ ತಿರುಗಿಸಿ ಚುಕ್ಕಾಣಿಯನ್ನು ಕೈಗೆ ತೆಗೆದುಕೊಂಡ ಸದ್ದು ಕೇಳಿಸಿತು. ಅದರ ಹಿಂದೆಯೇ ತಳ ಉಜ್ಜಿದ ಸದ್ದು. ದೊಡ್ಡ ಹಡಗು ಎತ್ತಿನ ಗಾಡಿಯಲ್ಲ, ಹಗ್ಗ ಜಗ್ಗಿದ ಕೂಡಲೆ ನಿಲ್ಲುವುದಕ್ಕೆ.

ಅವಳು ಮೊದಲೇ ಕೀಲಿ ತಿರುಗಿಸಬೇಕಿತ್ತು ಎಂದ ಉಮಾಕಾಂತ. ತಬಸ್ಸುಮ್ ಹೌದು ಎಂದಳು, ವಿಚಾರಣೆಯವರೂ ಅದನ್ನೇ ಹೇಳುತ್ತಾರೆ ಎಂದಳು. ಯಂತ್ರ ಎಚ್ಚರಿಕೆಯಿಂದ ಅಳೆದು ನೋಡುತ್ತಿತ್ತು, ಕ್ಯಾಪ್ಟನ್ ತಡಮಾಡಿದಳು ಎಂದು ತೀರ್ಮಾನವಾದರೆ ಅವಳ ಹಡಗು ಹೋಗುತ್ತದೆ, ಸಮವಸ್ತ್ರವೂ ಹೋಗುತ್ತದೆ. ಹಾಗಲ್ಲ, ಯಂತ್ರವೇ ಕೆಟ್ಟದ್ದು ಎಂದಾದರೆ ಎಲ್ಲ ಹಡಗುಗಳಿಂದ ದಾರಿಗಣ್ಣನ್ನು ಅಳಿಸಬೇಕಾಗುತ್ತದೆ. ಇಷ್ಟು ಹೇಳಿ ಅವಳು ಗೋಡೆಯ ಮೇಲೆ ಹೊಳೆಬಾಯಿಯ ನಕಾಶೆಯನ್ನು ಬೆಳಗಿಸಿದಳು.

ದಾರಿಗಣ್ಣು ಬಂದಾಗಿನಿಂದ ನೌಕಾದಳದ ಹಡಗುಗಳೆಲ್ಲ ಓಡಾಡಿದ ಗೆರೆಗಳು ಅದರ ಮೇಲಿದ್ದವು. ನೂಲು ಎಳೆದಂತೆ ನೇರವಾಗಿ ಬಂದ ಗೆರೆಗಳು ಅಲ್ಲಲ್ಲಿ ಸುಮ್ಮನೆ ಬಾಗಿ, ಒಂದೊಂದು ಚುಕ್ಕೆಯ ಮೇಲೆ ಹಾದು, ಮತ್ತೆ ದಾರಿಗೆ ಬಂದಿದ್ದವು. ಬೆಲ್ಲದ ಚೂರಿಗೆ ಇರುವೆ ಸಾಲು ಬಾಗುವ ಹಾಗೆ.

“ಈ ಚುಕ್ಕೆಗಳೇನು?” ಎಂದು ಕೇಳಿದ. ಕೇಳುವಾಗಲೇ ಅವನಿಗೆ ತಿಳಿದಿತ್ತು.

“ಶೇವಂತಿ ಮೇಡಂ ಗುರುತು ಹಾಕಿದ ದಿಬ್ಬಗಳು ಸರ್. ಬೇರೆಯವರು ಗುರುತು ಹಾಕಿದ ದಿಬ್ಬದಿಂದ ಯಂತ್ರ ದೂರ ಹೋಗ್ತದೆ. ಇವರು ಹಾಕಿದ್ದರ ಹತ್ತಿರ ಮಾತ್ರ ಹೋಗ್ತದೆ. ಹೋಗಿ, ಆಳ ನಿಜವೋ ಸುಳ್ಳೋ ಅಂತ ಅಳೆದು ಬರ್ತದೆ. ಮೊದಲಿನ ಹಡಗುಗಳು ಚಿಕ್ಕವು. ದಿಬ್ಬದ ಮೇಲೆ ಹಾದರೂ ತಾಗ್ತಿರಲಿಲ್ಲ. ಆಳ ಸರಿ ಇತ್ತು ಅಂತ ಗೊತ್ತಾದ್ರೂ, ಮುಂದಿನ ಸಲ ಮತ್ತೆ ಹೋಗ್ತದೆ.”

ಉಮಾಕಾಂತ ಗೋಡೆಯನ್ನೇ ನೋಡುತ್ತ ಕೂತ. ಬೆಳ್ಳಕ್ಕಿ ದಾರಿ ತಪ್ಪಿ ದಿಬ್ಬಕ್ಕೆ ಹೋಗಿರಲಿಲ್ಲ. ಹುಡುಕಿಕೊಂಡು ಹೋಗಿತ್ತು. ಮೋಜಣಿ ಹಡಗಿನ ದಿನಗಳು ಒಂದೊಂದಾಗಿ ಕಣ್ಣೆದುರು ಬಂದವು. ಶೇವಂತಿ ದೋಣಿಯಿಂದ ಆಳ ಕೂಗಿ ಹೇಳುತ್ತಿದ್ದಳು. ಬೇರೆ ಯಾರು ಹೇಳಿದರೂ ಅವನು ತಿರುಗಿ ಹೇಳಿ ಚುಕ್ಕಾಣಿ ತಿರುಗಿಸುತ್ತಿದ್ದ. ಅವಳಿಗೆ ಮಾತ್ರ ನೋಡುವಾ ತಂಗಿ ಎಂದು, ಹಡಗನ್ನು ಸ್ವಲ್ಪ ಆ ಕಡೆಗೇ ಬಿಟ್ಟು, ತಾನೇ ಅಳೆಯುತ್ತಿದ್ದ. ಇವತ್ತಾದರೂ ಅವಳ ಲೆಕ್ಕ ತಪ್ಪಿರಲಿ ಎಂಬ ಆಸೆಯಿಂದ ಅಳೆಯುತ್ತಿದ್ದ. ತಪ್ಪುತ್ತಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಹಲ್ಲು ಕಚ್ಚಿ ತಿರುಗಿಸುತ್ತಿದ್ದ. ಅವನ ಕೈಗೆ ಆ ಕೊನೆಯ ಗಳಿಗೆ ಯಾವುದೆಂದು ಗೊತ್ತಿತ್ತು. ಅವನ ಹಡಗು ಚಿಕ್ಕದು. ಯಂತ್ರಕ್ಕೆ ಅವನ ಕೆಟ್ಟ ಚಟ ಸಿಕ್ಕಿತು, ಹಡಗು ಮಾತ್ರ ದೊಡ್ಡದು ಸಿಕ್ಕಿತು.

ತಬಸ್ಸುಮ್ ನಿಧಾನವಾಗಿ ಕೇಳಿದಳು. “ಯಂತ್ರಕ್ಕೆ ಕಾರಣ ಗೊತ್ತಿಲ್ಲ, ಅಭ್ಯಾಸ ಮಾತ್ರ ಗೊತ್ತು. ಇದನ್ನು ಎಚ್ಚರಿಕೆ ಅಂತಲೂ ಹೇಳಬಹುದು. ಹೊಸಬಳ ಲೆಕ್ಕವನ್ನು ಗುರು ಇನ್ನೊಮ್ಮೆ ಅಳೆದ, ಅಷ್ಟೇ ಅಂತ. ನೀವು ಯಾಕೆ ಹಾಗೆ ಮಾಡ್ತಿದ್ರಿ ಅನ್ನೋದು ನಿಮ್ಮೊಳಗೆ ಮಾತ್ರ ಇದೆ ಸರ್. ವಿಚಾರಣೆಯಲ್ಲಿ ಅದನ್ನೇ ಕೇಳ್ತಾರೆ.”

“ಎಚ್ಚರಿಕೆಯೇ,” ಎಂದ ಉಮಾಕಾಂತ. “ಮತ್ತೆಂತದು?” ಎಂದು ಸಿಡುಕಿ ಎದ್ದು ಬಂದ.

ಸಿಟ್ಟು ಅವನಿಗೆ ಮನೆಯವರೆಗೂ ಜೊತೆ ಬಂತು. ಎಂಜಿನಿಯರಿನ ಮೇಲೆ ಸಿಟ್ಟು, ಯಂತ್ರದ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚು ಶೇವಂತಿಯ ಮೇಲೆ. ದಿಬ್ಬ ಹತ್ತಿಸಿದವಳೂ ಅವಳೇ, ದಿಬ್ಬ ಇದೆ ಎಂದು ಸರಿಯಾಗಿ ಹೇಳಿದವಳೂ ಅವಳೇ. ಸೋಲುವಾಗಲೂ ಗೆದ್ದೇ ಸೋಲುತ್ತಾಳಲ್ಲ ಎಂದು ಅವನ ಹೊಟ್ಟೆ ಉರಿಯಿತು.

ನಾಗವೇಣಿ ಮನೆಯಲ್ಲಿರಲಿಲ್ಲ. ಗುಂಪಿನ ಹೆಂಗಸರೆಲ್ಲ ಹೊಳೆಬಾಯಿಯಲ್ಲಿ ಮೊಣಕಾಲು ನೀರಿನಲ್ಲಿ ನಿಂತು, ಹಳೆ ಸೀರೆಯ ತುಂಡುಗಳಿಂದ ಎಣ್ಣೆ ಒರೆಸುತ್ತಿದ್ದರು. ಒರೆಸಿದಷ್ಟೂ ಹೊಸದು ಬರುತ್ತಿತ್ತು. ಅವನೂ ಪಂಚೆ ಎತ್ತಿ ಕಟ್ಟಿ ಇಳಿದ. ಕೆಲಸ ಮಾಡುತ್ತಲೇ, ಪ್ರಯೋಗಾಲಯದಲ್ಲಿ ಆದದ್ದನ್ನು ತನಗೆ ಅನುಕೂಲವಾಗುವಷ್ಟು ಹೇಳಿದ. ನಾಗವೇಣಿ ಬಟ್ಟೆ ಹಿಂಡುತ್ತ ಕೇಳಿಸಿಕೊಂಡಳು.

“ನಿಮಗೆ ಹೊಟ್ಟೆಕಿಚ್ಚು ಅಂತ ನನಗೆ ಮದುವೆಯಾದ ವರ್ಷದಿಂದ ಗೊತ್ತದೆ,” ಎಂದಳು. “ನನ್ನ ತಮ್ಮ ದೋಣಿ ತಕಂಡಾಗ ನೀವು ಜ್ವರ ಅಂತ ಮಲಗಿದ್ರಿ. ಇರ್ಲಿ, ಎಲ್ಲರಿಗೂ ಒಂದೊಂದು ಇರ್ತದೆ. ಆದ್ರೆ ಅದು ಮನೆಯೊಳಗೆ ಇತ್ತು. ಅದನ್ನ ಹಡಗಿಗೆ ಹಾಕಿ ಕಡಲಿಗೆ ಬಿಟ್ಟವರು ಯಾರು?”

ಅವನು ನಾನಲ್ಲ, ಪ್ರಯೋಗಾಲಯದವರು ಎಂದ. ಅವಳು ಕಪ್ಪು ಬಟ್ಟೆಯನ್ನು ಅವನ ಕೈಗೆ ಕೊಟ್ಟು ಹೊಸ ತುಂಡು ಹರಿದುಕೊಂಡಳು.

ವಿಚಾರಣೆ ನಡೆದದ್ದು ನೌಕಾದಳದ ಊಟದ ಸಭಾಂಗಣದಲ್ಲಿ, ಬೇರೆ ದೊಡ್ಡ ಕೋಣೆ ಇರಲಿಲ್ಲ. ನಡುವೆ ಕೂತವರು ಕಮೊಡೋರ್ ಅಣ್ಣಿಗೇರಿ, ಧಾರವಾಡದ ಕಡೆಯ ಎತ್ತರದ ಮನುಷ್ಯ. ಸುತ್ತಿ ಬಳಸಿ ಮಾತಾಡಿದರೆ ಮೇಜು ಕುಟ್ಟುವವರು. ಗೋಡೆಯ ಬದಿಯ ಬೆಂಚಿನಲ್ಲಿ ಬೇರೆ ಹಡಗುಗಳ ಅಧಿಕಾರಿಗಳು ಕೂತಿದ್ದರು, ಈ ಅಪಘಾತದಿಂದ ಪಾಠ ಕಲಿಯಲಿ ಎಂದು ಅವರನ್ನೂ ಕರೆಸಿದ್ದರು. ಉಮಾಕಾಂತ ತಾನು ಹೇಳಬೇಕಾದ್ದನ್ನು ಗಟ್ಟಿ ಮಾಡಿಕೊಂಡು ಬಂದಿದ್ದ. ಒಂದೇ ಶಬ್ದ: ಎಚ್ಚರಿಕೆ. ಅಷ್ಟು ಹೇಳಿದರೆ ಅವನ ದನಿ ಹಡಗುಗಳಲ್ಲಿ ಉಳಿಯುತ್ತದೆ. ಅವಳು ಹೋಗುತ್ತಾಳೆ.

ಮೊದಲು ಶೇವಂತಿಯನ್ನು ಕರೆದರು. ಅವಳು ಸಣಕಲು ಹೆಂಗಸು, ಬಿಸಿಲಿಗೆ ಕಪ್ಪಾದ ಮುಖ. ಕೂದಲು ಅಲ್ಲಲ್ಲಿ ಬಿಳಿಯಾಗಿತ್ತು. ಯಂತ್ರ ಮಾತು ಕೇಳದಿದ್ದಾಗ ಕೂಡಲೇ ಕೀಲಿ ಯಾಕೆ ತಿರುಗಿಸಲಿಲ್ಲ ಎಂದು ಕಮೊಡೋರ್ ಕೇಳಿದರು. ಅವಳು ಯಂತ್ರವನ್ನು ಬಯ್ಯುತ್ತಾಳೆ, ಆಗ ತಾನು ಎದ್ದು ಮಾತಾಡಬೇಕು ಎಂದು ಉಮಾಕಾಂತ ಕುರ್ಚಿಯ ಅಂಚಿಗೆ ಬಂದ.

“ತಪ್ಪು ನನ್ನದೇ ಸರ್,” ಎಂದಳು ಶೇವಂತಿ. “ಆ ದನಿ ಉಮಾಕಾಂತಣ್ಣನದು. ನನಗೆ ಆಳ ಅಳೆಯೂಕೆ ಕಲಿಸಿದ ದನಿ. ಅವರು ಯಾವತ್ತೂ ನೋಡುವಾ ಅಂತಿದ್ರು, ಕಡೆಗೆ ತಿರುಗಿಸ್ತಿದ್ರು. ಒಂದು ಸಲವೂ ತಿರುಗಿಸದೆ ಇದ್ದದ್ದಿಲ್ಲ. ಈಗ ತಿರುಗಿಸ್ತಾರೆ, ಈಗ ತಿರುಗಿಸ್ತಾರೆ ಅಂತ ನಿಂತೆ. ನನ್ನ ಕಣ್ಣಿಗೆ ಕಂಡದ್ದನ್ನ ಬಿಟ್ಟು ಅವರನ್ನ ನಂಬಿದೆ. ಕ್ಯಾಪ್ಟನ್ ಆದವಳು ಹಾಗೆ ಮಾಡಬಾರದಿತ್ತು. ಯಂತ್ರಕ್ಕೆ ದೋಷ ಹೊರಿಸಬೇಡಿ. ಯಾರ ಮಾತನ್ನೂ ಪರೀಕ್ಷೆ ಮಾಡದೆ ನಂಬಬಾರದು ಅಂತ ಅವರು ನನಗೆ ಕಲಿಸಿದ್ದು, ಅದು ಅದನ್ನೇ ಮಾಡ್ತಿತ್ತು.”

ಬೆಂಚಿನ ಮೇಲಿದ್ದ ಅಧಿಕಾರಿಯೊಬ್ಬ ತಲೆ ತಗ್ಗಿಸಿದ. ಕಮೊಡೋರ್ ಕನ್ನಡಕ ತೆಗೆದು ಒರೆಸಿಕೊಂಡರು. ಎಲ್ಲರ ಮುಖದಲ್ಲೂ ಅವಳ ಬಗ್ಗೆ ಗೌರವ ಎದ್ದು ಕಾಣುತ್ತಿತ್ತು. ಹಡಗನ್ನು ದಿಬ್ಬ ಹತ್ತಿಸಿದ ಹೆಂಗಸಿಗೆ, ಸಮವಸ್ತ್ರ ಕಳೆದುಕೊಳ್ಳುವವಳಿಗೆ, ಅಷ್ಟು ಗೌರವ.

ಇಲ್ಲಿ ಯಾರಾದರೂ ಉಮಾಕಾಂತನ ಮನಸ್ಸು ಕರಗಿತು, ಕಣ್ಣೀರು ಬಂತು ಎಂದು ಬರೆಯಬಹುದು. ಹಾಗೇನೂ ಆಗಲಿಲ್ಲ. ಅವನಿಗೆ ಮೈಯೆಲ್ಲ ಉರಿದುಹೋಯಿತು. ಹಡಗು ಅವಳದು, ನಕಾಶೆ ಅವಳದು, ಈಗ ದೊಡ್ಡತನವೂ ಅವಳದೇ. ತಾನು ಎಚ್ಚರಿಕೆ ಎಂಬ ಒಂದು ಸುಳ್ಳು ಹೇಳಿ ಮನೆಗೆ ಹೋದರೆ, ಸಾಯುವ ತನಕ ಈ ಊರು ಹೇಳುವುದೇನು? ಗುರುವಿನ ಯಂತ್ರದ ಮಾನ ಕಾಯಲು ತನ್ನನ್ನೇ ಕಳೆದುಕೊಂಡಳು ಮಹಾತಾಯಿ ಎಂದು. ಅವಳು ಕೊಟ್ಟ ಭಿಕ್ಷೆಯ ಮೇಲೆ ಅವನ ದನಿ ಬದುಕಬೇಕು. ಅದನ್ನು ಮಾತ್ರ ಅವನಿಂದ ಸಹಿಸಲಾಗಲಿಲ್ಲ.

ಕಮೊಡೋರ್ ಅವನನ್ನು ಕರೆದರು. “ಹರಿಕಂತ್ರ ಅವರ, ನೇರ ಹೇಳ್ರಿ. ಈಕಿ ಗುರುತು ಹಾಕಿದ್ದನ್ನ ಮಾತ್ರ ನೀವು ಮತ್ತ ಮತ್ತ ಅಳೀತಿದ್ರಿ. ಎಚ್ಚರಿಕಿಗೆ ಅಳೀತಿದ್ರೋ, ಬ್ಯಾರೆ ಏನರೆ ಇತ್ತೋ?”

“ಹೊಟ್ಟೆಕಿಚ್ಚಿಗೆ,” ಎಂದ ಉಮಾಕಾಂತ.

ಬೆಂಚಿನಲ್ಲಿ ಪಿಸುಮಾತು ಎದ್ದಿತು. ಕಮೊಡೋರ್ ಮೇಜು ಕುಟ್ಟಲಿಲ್ಲ, ಮುಂದೆ ಹೇಳಿ ಎಂದು ಕೈ ತೋರಿಸಿದರು.

“ಅವಳ ಲೆಕ್ಕ ಸರಿ ಅಂತ ನನಗೆ ಯಾವತ್ತೂ ಗೊತ್ತಿತ್ತು,” ಎಂದ ಉಮಾಕಾಂತ. ಅವನು ಹೇಳುತ್ತಿದ್ದದ್ದು ಕಮೊಡೋರರಿಗಾದರೂ, ಮುಖ ಶೇವಂತಿಯ ಕಡೆಗಿತ್ತು. “ತಪ್ಪಿರಲಿ ಅಂತ ಅಳೀತಿದ್ದೆ. ಅವಳು ದಿಬ್ಬ ಅಂದ ಕಡೆ ಹಡಗು ಒಯ್ದು, ಇಲ್ಲಿ ದಿಬ್ಬ ಇಲ್ಲ ಅಂತ ಎಲ್ಲರೆದುರು ಹೇಳಬೇಕು ಅಂತ ನನಗೆ ಆಸೆ. ಒಂದು ಸಲವೂ ಆಗಲಿಲ್ಲ. ಯಂತ್ರ ನನ್ನ ಕೈ ಕಲಿತದೆ ಅಂತ ನೀವು ತಿಳಕಂಡ್ರಿ. ನನ್ನ ಹೊಟ್ಟೆನೂ ಕಲಿತದೆ. ಅವಳು ನಿಂತು ಕಾದದ್ದು ತಪ್ಪು ಹೌದು. ಆದ್ರೆ ಕಾಯೂ ಹಾಗೆ ಮಾಡಿದವ ನಾನು. ಅವಳು ಯಾರನ್ನೂ ಕಾಪಾಡೂದು ಬೇಡ.”

ಕೊನೆಯ ಮಾತನ್ನು ಅವನು ಬಯ್ದ ಹಾಗೆಯೇ ಹೇಳಿದ. ಶೇವಂತಿ ಅವನನ್ನು ನೋಡುತ್ತ ನಿಂತಳು. ಅವಳ ಮುಖದಲ್ಲಿ ಕೃತಜ್ಞತೆ ಇರಲಿಲ್ಲ. ಇಷ್ಟು ವರ್ಷ ಗುರು ಎಂದು ತಿಳಿದವನು ಯಾರೆಂದು ಈಗ ಗೊತ್ತಾದವಳ ಮುಖ ಅದು. ಅವನು ಅದನ್ನು ಗಮನಿಸಿದ. ನೋವಾಯಿತು, ಜೊತೆಗೆ ಸ್ವಲ್ಪ ಹಗುರವೂ ಆಯಿತು.

ತೀರ್ಪು ಬಂದಾಗ ಶೇವಂತಿಗೆ ಎಚ್ಚರಿಕೆ ಕೊಟ್ಟು ಹಡಗನ್ನು ಅವಳಿಗೇ ಬಿಟ್ಟರು. ದಾರಿಗಣ್ಣನ್ನು ಎಲ್ಲ ಹಡಗುಗಳಿಂದ ತೆಗೆಯಲು ಆಜ್ಞೆಯಾಯಿತು. ಇನ್ನು ಮುಂದೆ ಯಾವ ಯಂತ್ರವನ್ನೂ ಒಬ್ಬನೇ ಮನುಷ್ಯನಿಂದ ಕಟ್ಟಬಾರದು ಎಂದು ಕಮೊಡೋರ್ ಬರೆದರು. ಎಲ್ಲ ಹಡಗುಗಳಲ್ಲೂ ಒಂದೇ ತಲೆ ಕೂತಿದ್ದರೆ ಹತ್ತು ಹಡಗು ಒಪ್ಪಿದ್ದಕ್ಕೂ ಒಬ್ಬ ಒಪ್ಪಿದ್ದಕ್ಕೂ ವ್ಯತ್ಯಾಸವಿಲ್ಲ. ದಿಬ್ಬ ಇದೆ ಎಂದು ಯಾರೇ ಹೇಳಲಿ, ಹೇಳಿದವರ ಮುಖ ನೋಡದೆ ಮೊದಲು ಹಡಗು ತಿರುಗಿಸಬೇಕು, ಆಮೇಲೆ ಅಳೆಯಬೇಕು. ತಿರುಗಿಸದ ಯಂತ್ರದ ಹತ್ತಿರ ಎರಡನೆಯ ಸಲ ಕೇಳಬಾರದು, ಕೈಗೆ ತೆಗೆದುಕೊಳ್ಳಬೇಕು. ಬೆಂಚಿನಲ್ಲಿ ಕೂತಿದ್ದ ಅಧಿಕಾರಿಗಳು ಇದನ್ನೆಲ್ಲ ಬರೆದುಕೊಂಡು ಹೋದರು.

ತಬಸ್ಸುಮ್ ಒಂದೊಂದೇ ಹಡಗು ಹತ್ತಿ ಯಂತ್ರ ಅಳಿಸುತ್ತ ಬಂದಳು. ಯಾವ ಹಡಗಿನಲ್ಲಿ ಆಯಿತು, ಯಾವುದರಲ್ಲಿ ಬಾಕಿ ಎಂದು ಉಮಾಕಾಂತ ಬಂದರಿನ ಚಾದಂಗಡಿಯಲ್ಲಿ ಕೂತು ಕೇಳುತ್ತಿದ್ದ. ಕೊನೆಯ ಹಡಗಿನದೂ ಮುಗಿದ ದಿನ ಅವನು ಯಾರೊಡನೆಯೂ ಮಾತಾಡದೆ ಮನೆಗೆ ಬಂದು, ಹೊಳೆಗಿಳಿದು ಎಣ್ಣೆ ಒರೆಸಿದ. ಊರಿನಲ್ಲಿ ಅವನಿಗೆ ಹೊಟ್ಟೆಕಿಚ್ಚಿನ ಉಮಾಕಾಂತ ಎಂದು ಹೆಸರು ಬಿದ್ದಿತ್ತು. ಹೆಂಗಸರು ಅವನೆದುರಿಗೇ ಅದನ್ನು ಹೇಳಿ ನಗುತ್ತಿದ್ದರು. ಅವನೂ ಎಣ್ಣೆ ಒರೆಸಲು ಬರುತ್ತಿದ್ದುದರಿಂದ ಬೈಯುವುದನ್ನು ಮಾತ್ರ ಬಿಟ್ಟಿದ್ದರು.

ಯಂತ್ರ ಹೋದ ಮೇಲೆ ನೌಕಾದಳಕ್ಕೆ ಹೊಸ ಕಷ್ಟ ಬಂತು. ಹೊಳೆಬಾಯಿಯಲ್ಲಿ ಕೈಯಿಂದ ಚುಕ್ಕಾಣಿ ತಿರುಗಿಸಬಲ್ಲವರು ಬೆರಳೆಣಿಕೆಯಷ್ಟು ಮಂದಿ, ಅವರೂ ನಿವೃತ್ತರು. ಮಳೆಗಾಲ ಕಳೆದು ಬೆಳ್ಳಕ್ಕಿಯ ದುರಸ್ತಿ ಮುಗಿಯಿತು. ಅದನ್ನು ಮತ್ತೆ ನೀರಿಗೆ ಬಿಡುವಾಗ ಉಮಾಕಾಂತನಿಗೆ ಕರೆ ಬಂತು. ಕರೆಸಿದ್ದು ಶೇವಂತಿ ಎಂದು ಗೊತ್ತಾದಾಗ ಅವನು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದ. ಕರೆಸುವ ಅಧಿಕಾರವೂ ಅವಳಿಗೇ ಇರಬೇಕೇ? ನಾಗವೇಣಿ ಅವನ ಹಳೆಯ ಟೋಪಿಯನ್ನು ಒಗೆದು ಬಿಸಿಲಿಗೆ ಹಾಕಿದಳು. ಹೋಗುತ್ತೀರೋ ಇಲ್ಲವೋ ಎಂದು ಕೇಳಲೂ ಇಲ್ಲ.

ಚುಕ್ಕಾಣಿ ಕೋಣೆಯಲ್ಲಿ ಶೇವಂತಿ ಅವನನ್ನು ಹರಿಕಂತ್ರ ಅವರೇ ಎಂದು ಕರೆದಳು. ಉಮಾಕಾಂತಣ್ಣ ಎನ್ನಲಿಲ್ಲ. ಅವನು ಕ್ಯಾಪ್ಟನ್ ಎಂದ. ಅದು ಅವನ ಬಾಯಿಂದ ಬರುವಾಗ ಕೊಸರಾಡಿತು. ಹಡಗು ನಿಧಾನವಾಗಿ ಹೊಳೆಬಾಯಿ ದಾಟತೊಡಗಿತು. ಮಳೆಯಲ್ಲಿ ಮರಳು ಎಲ್ಲೆಲ್ಲಿ ಸರಿದಿದೆಯೋ ಇನ್ನೂ ಯಾರೂ ಅಳೆದಿರಲಿಲ್ಲ. ಶೇವಂತಿ ಕಿಟಕಿಯ ಹತ್ತಿರ ನಿಂತು ನೀರಿನ ಬಣ್ಣ ನೋಡುತ್ತಿದ್ದಳು. ಉಮಾಕಾಂತನೂ ನೋಡುತ್ತಿದ್ದ. ಅವನ ಕಣ್ಣಿಗೆ ಮುಂದಿನ ನೀರು ಆಳವಾಗಿಯೇ ಕಂಡಿತು.

“ಮುಂದೆ ದಿಬ್ಬ,” ಎಂದಳು ಶೇವಂತಿ. “ಬಲಕ್ಕೆ.”

ಅವನ ನಾಲಿಗೆಯ ತುದಿಗೆ ಹಳೆಯ ಮಾತು ಬಂದು ಕೂತಿತು. ಹಡಗನ್ನು ಸ್ವಲ್ಪ ಮುಂದೆ ಬಿಟ್ಟರೆ ಆಳಮಾಪಕವೇ ಹೇಳುತ್ತಿತ್ತು. ಪಕ್ಕದಲ್ಲಿ ನಿಂತ ನಾವಿಕರು ಅವನನ್ನೇ ನೋಡುತ್ತಿದ್ದರು.

“ಮುಂದೆ ದಿಬ್ಬ, ಬಲಕ್ಕೆ ತಿರುಗುತ್ತಿದ್ದೇನೆ,” ಎಂದು ಅವನು ಚುಕ್ಕಾಣಿ ತಿರುಗಿಸಿದ.

ಬೆಳ್ಳಕ್ಕಿ ದೊಡ್ಡ ಸುತ್ತು ಹಾಕಿತು. ಜೊತೆಗೆ ಬಂದಿದ್ದ ಅಳತೆಯ ದೋಣಿಯವರು ಆ ಜಾಗಕ್ಕೆ ಹೋಗಿ ಬಂದು, ಅಲ್ಲಿ ಆರು ಮಾರು ನೀರಿದೆ, ದಿಬ್ಬ ಗಿಬ್ಬ ಏನೂ ಇಲ್ಲ, ಮೇಲಿಂದ ಹರಿದು ಬಂದ ಕೆಂಪು ಕೆಸರಿಗೆ ನೀರಿನ ಬಣ್ಣ ಬದಲಾಗಿತ್ತು ಎಂದರು. ಉಮಾಕಾಂತ ಶೇವಂತಿಯ ಕಡೆ ನೋಡಿದ. ಅವಳು ತಪ್ಪಿದ್ದಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಎಲ್ಲರೆದುರು, ತಪ್ಪಿದ್ದಳು.

ಶೇವಂತಿ ಕಿಟಕಿಯಿಂದ ತಿರುಗಿದಳು. “ನನ್ನ ಕಣ್ಣು ತಪ್ಪಿತು. ನಿಮಗೆ ಆಳ ಕಂಡಿತ್ತು ಅಲ್ವಾ?”

“ಕಂಡಿತ್ತು.”

“ಮತ್ತೆ ತಿರುಗಿಸಿದ್ದು ಎಂತಕ್ಕೆ?”

“ದಿಬ್ಬ ಅಂದ್ರಿ, ತಿರುಗಿಸಿದೆ,” ಎಂದ ಉಮಾಕಾಂತ. “ಇಲ್ಲದ ದಿಬ್ಬ ಸುತ್ತಿದ್ರೆ ಊಟಕ್ಕೆ ಸ್ವಲ್ಪ ತಡ ಆಗ್ತದೆ. ಅಷ್ಟೇ.”

ಅವಳು ಅವನ ಮುಖ ನೋಡಿದಳು. ಅಲ್ಲಿ ಹಿಗ್ಗು ಮುಚ್ಚಲಾಗದೆ ಉಕ್ಕುತ್ತಿದ್ದದ್ದು ಅವಳಿಗೆ ಕಾಣದೆ ಇರಲಿಲ್ಲ. “ಇವತ್ತು ಮನೇಲಿ ಹಬ್ಬ ಮಾಡ್ತೀರಿ ಅಂತ ಕಾಣ್ತದೆ,” ಎಂದಳು.

“ಮಾಡ್ತೆ,” ಎಂದ ಅವನು, ಮುಚ್ಚಿಡಲು ಹೋಗಲಿಲ್ಲ.

ಶೇವಂತಿ ಮತ್ತೆ ಕಿಟಕಿಗೆ ತಿರುಗಿ, ಮುಂದೆ ಇನ್ನೊಂದು ದಿಬ್ಬ, ಎಡಕ್ಕೆ ಎಂದಳು. ಅವನು ಅದನ್ನು ತಿರುಗಿ ಹೇಳಿ ಎಡಕ್ಕೆ ತಿರುಗಿಸಿದ. ಆ ದಿಬ್ಬ ಅಲ್ಲಿ ಇತ್ತು. ಅವನಿಗೆ ಸ್ವಲ್ಪ ಬೇಸರವಾಯಿತು. ಹಡಗು ಅದನ್ನು ಬಳಸಿ, ತಳಕ್ಕೆ ಒಂದು ಮರಳಕಣವೂ ತಾಗದೆ, ತೆರೆದ ಕಡಲಿಗೆ ಹೊರಬಿತ್ತು.